ಒಂದು ಅಣುಸೂತ್ರ, ಏಳು ಸಿಗ್ನಲ್, ಆರು ಉತ್ತರ: ಪರೀಕ್ಷೆಗೆ ಕಾರ್ಬನ್-13 ಎನ್‌ಎಂಆರ್ ಬಿಡಿಸುವ ಕ್ರಮ

ಎಂ.ಎಸ್ಸಿ. ಸೆಮಿಸ್ಟರ್ ಪರೀಕ್ಷೆಯಾಗಲಿ, ಕೆ-ಸೆಟ್, ನೆಟ್, ಗೇಟ್ ಆಗಲಿ, ಕಾರ್ಬನ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ಕೊಡುವ ಸಿಗ್ನಲ್‌ಗಳಿಂದ ಅಣುವಿನ ರಚನೆ ತಿಳಿಯುವ ವಿಧಾನ) ಪ್ರಶ್ನೆಯ ಮುಖ ಹೆಚ್ಚುಕಡಿಮೆ ಒಂದೇ. ಮೇಲೆ ಒಂದು ಅಣುಸೂತ್ರ, ಕೆಳಗೆ ಸಾಲಾಗಿ ಸಿಗ್ನಲ್‌ಗಳ ಸ್ಥಾನವನ್ನು ಪಿಪಿಎಂ ಎಂಬ ಅಳತೆಯಲ್ಲಿ ಹೇಳುವ ಕೆಲವು ಸಂಖ್ಯೆಗಳು, ಕೊನೆಗೆ ‘ರಚನೆಯನ್ನು ಗುರುತಿಸಿ’ ಎಂಬ ಒಂದು ಸಾಲು. ಸಂಖ್ಯೆ ಕಂಡ ಕೂಡಲೇ ಬಾಯಿಪಾಠ ಮಾಡಿದ ಕೋಷ್ಟಕವನ್ನು ನೆನಪಿನಿಂದ ಎಳೆದು ತರುವುದು ನಮ್ಮಲ್ಲಿ ರೂಢಿ. ‘170 ಇದೆ, ಎಸ್ಟರ್, 128 ಇದೆ, ಬೆಂಜೀನ್’ ಎಂದು ಬರೆದು, ಆ ಎರಡನ್ನೂ ಹೇಗೋ ಜೋಡಿಸಿ, ಉತ್ತರ ಸಿಕ್ಕಿತೆಂದು ಮುಂದಿನ ಪ್ರಶ್ನೆಗೆ ಹೋಗುವವರೇ ಹೆಚ್ಚು.

ಈ ದಾರಿ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಒಂದು ಸೂತ್ರ ಸಾಕು: ಸಿ₉ಎಚ್₁₀ಓ₂. ಈ ಸೂತ್ರದ, ಪಠ್ಯಪುಸ್ತಕಗಳಲ್ಲಿ ಆಗಾಗ ಎದುರಾಗುವ ಆರು ಸಂಯುಕ್ತಗಳನ್ನು ಕೆಳಗೆ ಎತ್ತಿಕೊಂಡಿದ್ದೇನೆ. ಆರರಲ್ಲೂ ಬೆಂಜೀನ್ ಉಂಗುರವಿದೆ, ಆರರಲ್ಲೂ ಕಾರ್ಬೊನೈಲ್ ಇದೆ, ಆರೂ ಕೊಡುವುದು ಸರಿಯಾಗಿ ಏಳು ಸಿಗ್ನಲ್. ಕೋಷ್ಟಕ ಅಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಪ್ರಶ್ನೆಗಳನ್ನು ಕೇಳುವ ಕ್ರಮ. ಆ ಕ್ರಮವನ್ನು ಮೊದಲು ಕಟ್ಟಿಕೊಂಡು, ಆಮೇಲೆ ಈ ಆರನ್ನೂ ಬಿಡಿಸೋಣ.

ರೋಹಿತ ಹೇಳುವುದು, ಹೇಳದಿರುವುದು

ಕಾರ್ಬನ್-12ರ ಬೀಜಕ್ಕೆ ಸ್ಪಿನ್ ಇಲ್ಲ. ಎನ್‌ಎಂಆರ್‌ಗೆ ಅದು ಕಾಣುವುದೇ ಇಲ್ಲ. ಕಾಣುವುದು ಪ್ರಕೃತಿಯಲ್ಲಿ ಶೇ. 1.1ರಷ್ಟು ಮಾತ್ರ ಇರುವ ಕಾರ್ಬನ್-13. ಅದರ ಗೈರೋಮ್ಯಾಗ್ನೆಟಿಕ್ ಅನುಪಾತವೂ ಪ್ರೋಟಾನಿನ ಸುಮಾರು ಕಾಲು ಭಾಗ. ಹಾಗಾಗಿಯೇ ‘400 ಮೆಗಾಹರ್ಟ್ಸ್’ ಎಂದು ಕರೆಯುವ ಉಪಕರಣದಲ್ಲಿ ಕಾರ್ಬನ್ನಿನ ಆವೃತ್ತಿ 100 ಮೆಗಾಹರ್ಟ್ಸ್ ಆಗಿರುತ್ತದೆ. ಬಹು ಆಯ್ಕೆಯ ಪ್ರಶ್ನೆಯಾಗಿ ಇದು ಹಲವು ಸಲ ಬಂದಿದೆ. ಈ ಎರಡೂ ಕೊರತೆ ಸೇರಿ ಸಿಗ್ನಲ್ ಪ್ರೋಟಾನಿನದಕ್ಕಿಂತ ಸಾವಿರಾರು ಪಟ್ಟು ದುರ್ಬಲ. ಪಾಲ್ ಲೌಟರ್‌ಬರ್ 1957ರಲ್ಲೇ ಕಾರ್ಬನ್-13 ರೋಹಿತಗಳನ್ನು ಪ್ರಕಟಿಸಿದ್ದರೂ, ಫೂರಿಯರ್ ಪರಿವರ್ತನೆಯ ವಿಧಾನ ಬಂದ ಮೇಲಷ್ಟೇ ಅದು ದಿನನಿತ್ಯದ ಕೆಲಸವಾಯಿತು. ಆ ವಿಧಾನಕ್ಕೆ ದುಡಿದ ರಿಚರ್ಡ್ ಅರ್ನ್ಸ್ಟ್ 1991ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ನಿಮಗೆ ಬೇಕಾದ ಪರಿಣಾಮಗಳು ಮೂರು. ಅಕ್ಕಪಕ್ಕದ ಎರಡು ಕಾರ್ಬನ್‌ಗಳೂ ಕಾರ್ಬನ್-13 ಆಗಿರುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದೆರಡು, ಆದ್ದರಿಂದ ಕಾರ್ಬನ್-ಕಾರ್ಬನ್ ಸೀಳು (ಪಕ್ಕದ ಬೀಜದ ಪ್ರಭಾವದಿಂದ ಒಂದು ಗೆರೆ ಹಲವಾಗಿ ಒಡೆಯುವುದು) ಸಾಮಾನ್ಯ ರೋಹಿತದಲ್ಲಿ ಕಾಣುವುದಿಲ್ಲ. ಹೈಡ್ರೋಜನ್‌ಗಳಿಂದಾಗುವ ಸೀಳನ್ನು ಬ್ರಾಡ್‌ಬ್ಯಾಂಡ್ ಡಿಕಪ್ಲಿಂಗ್ ಅಳಿಸಿಹಾಕುತ್ತದೆ, ಆದ್ದರಿಂದ ಒಂದು ಬಗೆಯ ಕಾರ್ಬನ್‌ಗೆ ಒಂದೇ ಗೆರೆ. ಮೂರನೆಯದು, ಗೆರೆಯ ಎತ್ತರ ಕಾರ್ಬನ್‌ಗಳ ಸಂಖ್ಯೆಯನ್ನು ಹೇಳುವುದಿಲ್ಲ. ಹೈಡ್ರೋಜನ್ ಇಲ್ಲದ ಬೋಳು ಕಾರ್ಬನ್ ನಿಧಾನವಾಗಿ ವಿಶ್ರಾಂತಿಗೆ ಮರಳುತ್ತದೆ, ಎನ್‌ಓಇ ಎಂಬ ವರ್ಧನೆಯೂ ಅದಕ್ಕೆ ದಕ್ಕುವುದು ಕಡಿಮೆ. ಹಾಗಾಗಿ ಕುಳ್ಳಗೆ ನಿಲ್ಲುತ್ತದೆ. ಪ್ರೋಟಾನ್ ಎನ್‌ಎಂಆರ್‌ನ ಇಂಟಿಗ್ರೇಷನ್ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಆದರೆ ಚಿತ್ರವನ್ನೇ ಕೊಟ್ಟಿದ್ದರೆ ಎತ್ತರದಿಂದ ಒಂದು ಸುಳಿವು ಸಿಗುತ್ತದೆ: ಬೆಂಜೀನ್ ವಲಯದಲ್ಲಿ ಎರಡು ಎತ್ತರದ ಗೆರೆಗಳ ಜೊತೆ ಒಂದು ಮೋಟು ಗೆರೆ ಇದ್ದರೆ ಆ ಮೋಟು ಗೆರೆ ಬೋಳು ಕಾರ್ಬನ್ ಇರಬಹುದು. ಸುಳಿವು ಎಂದೇ ಬಳಸಿ, ಪುರಾವೆಯಾಗಿ ಅಲ್ಲ.

ಹಂತ 1: ಅಪರ್ಯಾಪ್ತತೆಯ ಲೆಕ್ಕ

ಸಂಖ್ಯೆಗಳ ಸಾಲನ್ನು ಕೈಯಿಂದ ಮುಚ್ಚಿ, ಮೊದಲು ಡಿಬಿಇ, ಅಂದರೆ ಅಣುವಿನಲ್ಲಿರುವ ಉಂಗುರ ಮತ್ತು ಪೈ ಬಂಧಗಳ ಒಟ್ಟು ಸಂಖ್ಯೆ, ಲೆಕ್ಕ ಹಾಕಿ. ಕಾರ್ಬನ್ ಸಂಖ್ಯೆಯನ್ನು ಎರಡರಿಂದ ಗುಣಿಸಿ ಎರಡು ಕೂಡಿಸಿ, ನೈಟ್ರೋಜನ್ ಇದ್ದರೆ ಅದನ್ನೂ ಕೂಡಿಸಿ, ಹೈಡ್ರೋಜನ್ ಮತ್ತು ಹ್ಯಾಲೋಜನ್ ಸಂಖ್ಯೆ ಕಳೆದು ಎರಡರಿಂದ ಭಾಗಿಸಿ. ಆಕ್ಸಿಜನ್ ಲೆಕ್ಕಕ್ಕಿಲ್ಲ. ಸಿ₉ಎಚ್₁₀ಓ₂ಗೆ (18 + 2 − 10) ÷ 2 = 5. ನಾಲ್ಕು ಅಥವಾ ಹೆಚ್ಚು ಬಂದರೆ ಬೆಂಜೀನ್ ಉಂಗುರವನ್ನು ಶಂಕಿಸಬಹುದು. ಇಲ್ಲಿ ಉಂಗುರಕ್ಕೆ ನಾಲ್ಕು, ಉಳಿದ ಒಂದು ಬಹುಶಃ ಕಾರ್ಬೊನೈಲ್. ಅರ್ಧ ನಿಮಿಷದ ಈ ಲೆಕ್ಕ ಬಿಟ್ಟವರೇ ಕೊನೆಯಲ್ಲಿ ಎರಡು ಹೈಡ್ರೋಜನ್ ಹೆಚ್ಚಿರುವ ರಚನೆ ಬರೆದು ಬರುವುದು.

ಹಂತ 2: ದ್ರಾವಕವನ್ನು ಹೊಡೆದುಹಾಕಿ

ಸಂಖ್ಯೆಗಳನ್ನು ಮಾತ್ರ ಕೊಟ್ಟ ಪ್ರಶ್ನೆಯಲ್ಲಿ ಈ ತೊಂದರೆ ಇರುವುದಿಲ್ಲ. ರೋಹಿತದ ಚಿತ್ರವಿದ್ದರೆ 77ರ ಬಳಿ ಸಮ ಎತ್ತರದ ಮೂರು ಗೆರೆಗಳನ್ನು ಹುಡುಕಿ ಅಡ್ಡಗೆರೆ ಎಳೆಯಿರಿ. ಅದು ಡ್ಯೂಟರೇಟೆಡ್ ಕ್ಲೋರೋಫಾರ್ಮ್. ಡಿಕಪ್ಲಿಂಗ್ ಹೈಡ್ರೋಜನ್ನಿನ ಸೀಳನ್ನಷ್ಟೇ ಅಳಿಸುತ್ತದೆ, ಡ್ಯೂಟೀರಿಯಂ ಸೀಳು ಹಾಗೆಯೇ ಉಳಿಯುತ್ತದೆ. ಡ್ಯೂಟೀರಿಯಂನ ಸ್ಪಿನ್ 1 ಆದ್ದರಿಂದ ಒಂದು ಡ್ಯೂಟೀರಿಯಂ ಇದ್ದರೆ 2 × 1 × 1 + 1 = 3 ಗೆರೆ. ಇದೇ ಸೂತ್ರದಂತೆ ಡ್ಯೂಟರೇಟೆಡ್ ಡಿಎಂಎಸ್‌ಓ 39.5ರಲ್ಲಿ ಏಳು ಗೆರೆ ಕೊಡುತ್ತದೆ, ಡ್ಯೂಟರೇಟೆಡ್ ಡೈಕ್ಲೋರೋಮೀಥೇನ್ 54ರ ಬಳಿ ಐದು. ಡ್ಯೂಟರೇಟೆಡ್ ಅಸಿಟೋನ್ ಇನ್ನೂ ಮೋಸದ್ದು: 30ರ ಬಳಿ ಏಳು ಗೆರೆ, ಜೊತೆಗೆ 206ರಲ್ಲಿ ಒಂದು ಒಂಟಿ ಗೆರೆ. ಆ 206ನ್ನು ನಿಮ್ಮ ಸಂಯುಕ್ತದ ಕೀಟೋನ್ ಎಂದು ಓದಿದರೆ ಪ್ರಶ್ನೆಯೇ ಬೇರೆಯಾಗಿಬಿಡುತ್ತದೆ. ಸೊನ್ನೆಯಲ್ಲಿರುವ ಟಿಎಂಎಸ್ (ಟೆಟ್ರಾಮೀಥೈಲ್ ಸೈಲೇನ್) ಅಂತೂ ಅಳತೆಯ ಆರಂಭ ಬಿಂದು.

ಹಂತ 3: ಸಿಗ್ನಲ್ ಎಣಿಕೆ ಮತ್ತು ಸಮಮಿತಿ

ಸೂತ್ರದಲ್ಲಿ ಎಷ್ಟು ಕಾರ್ಬನ್, ರೋಹಿತದಲ್ಲಿ ಎಷ್ಟು ಸಿಗ್ನಲ್? ಎರಡೂ ಸಮನಾಗಿದ್ದರೆ ಅಣುವಿನಲ್ಲಿ ಸಮಮಿತಿ ಇಲ್ಲ. ಸಿಗ್ನಲ್ ಕಡಿಮೆಯಿದ್ದರೆ ಎಷ್ಟು ಕಡಿಮೆ ಎಂಬುದೇ ಸುಳಿವು. ಗೇಟ್‌ನಲ್ಲಿ ‘ಡಿಕಪಲ್ಡ್ ರೋಹಿತದಲ್ಲಿ ಎಷ್ಟು ಸಿಗ್ನಲ್?’ ಎಂಬುದು ಸಂಖ್ಯೆ ತುಂಬುವ ಪ್ರಶ್ನೆಯಾಗಿ ಬರಲು ಹೇಳಿ ಮಾಡಿಸಿದ್ದು. ಅಂಥ ಪ್ರಶ್ನೆಗೆ ಋಣಾತ್ಮಕ ಅಂಕವೂ ಇಲ್ಲ. ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಿ₈ಎಚ್₁₀ ಸೂತ್ರದ ನಾಲ್ಕು ಬೆಂಜೀನ್ ಸಮಾಂಗಿಗಳನ್ನು ಕಾಗದದ ಮೇಲೆ ಬರೆಯಿರಿ. ಪ್ಯಾರಾ-ಜೈಲೀನ್ 3 ಸಿಗ್ನಲ್ ಕೊಡುತ್ತದೆ, ಆರ್ಥೋ-ಜೈಲೀನ್ 4, ಮೆಟಾ-ಜೈಲೀನ್ 5, ಈಥೈಲ್ ಬೆಂಜೀನ್ 6. ಒಂದೂ ಪಿಪಿಎಂ ಮೌಲ್ಯ ನೋಡದೆ ನಾಲ್ಕನ್ನೂ ಬೇರ್ಪಡಿಸಿದಿರಿ. ಉಂಗುರದ ಕಾರ್ಬನ್‌ಗಳನ್ನಷ್ಟೇ ಲೆಕ್ಕ ಹಾಕುವುದಾದರೆ ಹೀಗೆ: ಒಂದೇ ಗುಂಪು ಅಂಟಿದ್ದರೆ 4, ಪ್ಯಾರಾದಲ್ಲಿ ಎರಡು ಒಂದೇ ಗುಂಪಾದರೆ 2, ಬೇರೆ ಬೇರೆಯಾದರೆ 4, ಆರ್ಥೋದಲ್ಲಿ ಒಂದೇ ಆದರೆ 3, ಮೆಟಾದಲ್ಲಿ ಒಂದೇ ಆದರೆ 4, ಈ ಎರಡರಲ್ಲೂ ಗುಂಪುಗಳು ಬೇರೆಯಾದರೆ 6. ಒಂದು ಗುಂಪು, ಪ್ಯಾರಾದ ಎರಡು ಬೇರೆ ಗುಂಪು, ಮೆಟಾದ ಎರಡು ಒಂದೇ ಗುಂಪು ಮೂರೂ 4 ಕೊಡುತ್ತವೆ ಎಂಬುದನ್ನು ಗಮನಿಸಿ. ಅಲ್ಲಿ ಎಣಿಕೆ ನಿಲ್ಲುತ್ತದೆ, ಮುಂದಿನ ಹಂತ ಬೇಕಾಗುತ್ತದೆ.

ಎಣಿಕೆಯಲ್ಲಿ ಪರೀಕ್ಷಕರಿಗೆ ಪ್ರಿಯವಾದ ಬಲೆಗಳು ಕೆಲವಿವೆ. ಸಿಸ್-1,2-ಡೈಮೀಥೈಲ್ ಸೈಕ್ಲೋಹೆಕ್ಸೇನ್‌ನ ಕುರ್ಚಿ ರೂಪ ಬರೆದರೆ ಒಂದು ಮೀಥೈಲ್ ಅಕ್ಷೀಯ, ಇನ್ನೊಂದು ಸಮಭಾಜಕ. ಎಂಟೂ ಕಾರ್ಬನ್ ಬೇರೆ ಎಂದು ತೋರುತ್ತದೆ. ಆದರೆ ಕೋಣೆಯ ತಾಪದಲ್ಲಿ ಉಂಗುರ ಸತತವಾಗಿ ಮಗುಚಿಕೊಳ್ಳುವುದರಿಂದ ಕಾಣುವುದು 4 ಸಿಗ್ನಲ್. ಎಣಿಸಲು ಚಪ್ಪಟೆ ಉಂಗುರವೇ ಸಾಕು. ಡಿಎಂಎಫ್‌ನಲ್ಲಿ (ಡೈಮೀಥೈಲ್ ಫಾರ್ಮಮೈಡ್) ಇದರ ವಿರುದ್ಧ. ಅಮೈಡಿನ ಕಾರ್ಬನ್-ನೈಟ್ರೋಜನ್ ಬಂಧ ಭಾಗಶಃ ದ್ವಿಬಂಧ, ಸಲೀಸಾಗಿ ತಿರುಗದು. ಆದ್ದರಿಂದ ನೈಟ್ರೋಜನ್ ಮೇಲಿನ ಎರಡು ಮೀಥೈಲ್‌ಗಳು 31 ಮತ್ತು 36ರಲ್ಲಿ ಬೇರೆ ಬೇರೆ ನಿಂತು ಒಟ್ಟು 3 ಸಿಗ್ನಲ್ ಆಗುತ್ತವೆ. ಮೂರನೆಯ ಬಲೆ 3-ಮೀಥೈಲ್ ಬ್ಯೂಟನ್-2-ಆಲ್. ಐಸೋಪ್ರೊಪೈಲ್ ಗುಂಪಿನ ಎರಡು ಮೀಥೈಲ್ ಒಂದೇ ಎಂದುಕೊಂಡು 4 ಎಂದು ಬರೆಯುವವರು ಬಹಳ. ಪಕ್ಕದಲ್ಲಿ ಕೈರಲ್ ಕಾರ್ಬನ್ ಇರುವುದರಿಂದ ಆ ಮೀಥೈಲ್‌ಗಳು ಡಯಾಸ್ಟಿರಿಯೋಟೋಪಿಕ್, ಅಂದರೆ ಎರಡರ ಪರಿಸರ ಒಂದೇ ಅಲ್ಲ. ಸರಿಯುತ್ತರ 5. ಐಸೋಪ್ರೊಪೈಲ್ ಕಂಡಾಗಲೆಲ್ಲ ಅಣುವಿನಲ್ಲಿ ಕೈರಲ್ ಕೇಂದ್ರ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.

ಸಮಮಿತಿಯ ಎಣಿಕೆ ಬರೀ ಪರೀಕ್ಷೆಯ ಆಟವಲ್ಲ. ಅರವತ್ತು ಕಾರ್ಬನ್‌ಗಳ ಫುಲರೀನ್ ಕಾಲ್ಚೆಂಡಿನ ಆಕಾರದ್ದೆಂಬ ಊಹೆಗೆ ಹೆರಾಲ್ಡ್ ಕ್ರೋಟೋ ತಂಡ 1990ರಲ್ಲಿ ಒದಗಿಸಿದ ಬಲವಾದ ಸಾಕ್ಷ್ಯ 143 ಪಿಪಿಎಂ ಬಳಿಯ ಒಂದೇ ಒಂದು ಗೆರೆ. ಎಪ್ಪತ್ತು ಕಾರ್ಬನ್‌ಗಳ ಫುಲರೀನ್‌ಗೆ ಐದು ಗೆರೆ.

ಹಂತ 4: ಡೆಪ್ಟ್ ಮತ್ತು ಹೈಡ್ರೋಜನ್ ಲೆಕ್ಕ

ಒಂದು ಕಾರ್ಬನ್ನಿನ ಮೇಲೆ ಎಷ್ಟು ಹೈಡ್ರೋಜನ್ ಎಂಬುದನ್ನು ಡೆಪ್ಟ್ ಎಂಬ ಎನ್‌ಎಂಆರ್ ಪ್ರಯೋಗ ಹೇಳುತ್ತದೆ. ಡೆಪ್ಟ್-135ರಲ್ಲಿ ಸಿಎಚ್₃ ಮತ್ತು ಸಿಎಚ್ ಮೇಲಕ್ಕೆ, ಸಿಎಚ್₂ ಕೆಳಕ್ಕೆ, ಬೋಳು ಕಾರ್ಬನ್ ನಾಪತ್ತೆ. ಡೆಪ್ಟ್-90ರಲ್ಲಿ ಸಿಎಚ್ ಮಾತ್ರ ಉಳಿಯುತ್ತದೆ. ಎರಡನ್ನೂ ಸಾಮಾನ್ಯ ರೋಹಿತದ ಪಕ್ಕ ಇಟ್ಟರೆ ನಾಲ್ಕೂ ಬಗೆ ಬೇರ್ಪಡುತ್ತವೆ.

ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಡೆಪ್ಟ್ ಬದಲು ಪ್ರತಿ ಸಂಖ್ಯೆಯ ಮುಂದೆ ಎಸ್, ಡಿ, ಟಿ, ಕ್ಯೂ ಎಂಬ ಅಕ್ಷರಗಳಿರುತ್ತವೆ. ಅವು ಆಫ್-ರೆಸೊನೆನ್ಸ್ ರೋಹಿತದ ಸೀಳುಗಳು: ಸಿಂಗ್ಲೆಟ್ ಎಂದರೆ ಬೋಳು ಕಾರ್ಬನ್, ಡಬ್ಲೆಟ್ ಸಿಎಚ್, ಟ್ರಿಪ್ಲೆಟ್ ಸಿಎಚ್₂, ಕ್ವಾರ್ಟೆಟ್ ಸಿಎಚ್₃. ಪ್ರೋಟಾನ್ ಎನ್‌ಎಂಆರ್‌ನಲ್ಲಿ ಪಳಗಿದ ಕಣ್ಣು ಕ್ವಾರ್ಟೆಟ್ ಕಂಡ ಕೂಡಲೇ ‘ಪಕ್ಕದಲ್ಲಿ ಸಿಎಚ್₃ ಇದೆ’ ಎಂದು ಓದುತ್ತದೆ. ಇಲ್ಲಿ ಅದೇ ಸಿಎಚ್₃. ಸೀಳು ಪಕ್ಕದ ಮನೆಯದಲ್ಲ, ಸ್ವಂತದ್ದು.

ಈಗ ಬಹುತೇಕರು ಬಿಟ್ಟುಬಿಡುವ ಕೆಲಸ: ಕಾರ್ಬನ್‌ಗಳ ಮೇಲಿರುವ ಹೈಡ್ರೋಜನ್‌ಗಳನ್ನು ಕೂಡಿಸಿ ಸೂತ್ರದೊಂದಿಗೆ ತಾಳೆ ನೋಡುವುದು. ಸಮಮಿತಿಯಿಂದ ಎರಡೆರಡಾದ ಕಾರ್ಬನ್‌ಗಳನ್ನು ಎರಡು ಸಲ ಎಣಿಸಿ. ಮೊತ್ತ ಸೂತ್ರಕ್ಕೆ ಸರಿಹೊಂದಿದರೆ ಎಲ್ಲ ಹೈಡ್ರೋಜನ್ ಕಾರ್ಬನ್ ಮೇಲೆಯೇ ಇವೆ. ಒಂದು ಕಡಿಮೆ ಬಿದ್ದರೆ ಅದು ಆಕ್ಸಿಜನ್ ಅಥವಾ ನೈಟ್ರೋಜನ್ ಮೇಲೆ ಕೂತಿದೆ: ಆಲ್ಕೊಹಾಲ್, ಫೀನಾಲ್, ಆಮ್ಲ ಅಥವಾ ಅಮೀನ್. ಐಆರ್ (ಅವಕೆಂಪು) ರೋಹಿತ ಕೊಡದಿದ್ದರೂ ಓಎಚ್ ಇದೆಯೆಂದು ಹೇಳುವ ದಾರಿ ಇದು.

ಹಂತ 5: ವಲಯಗಳು

ಸಂಖ್ಯೆಗಳ ಕಡೆ ತಿರುಗುವುದು ಈಗ. ಪುಟಗಟ್ಟಲೆ ಕೋಷ್ಟಕ ಬೇಡ, ಇಷ್ಟು ಸಾಕು:

- 0–50: ಇಂಗಾಲಕ್ಕೆ ಮಾತ್ರ ಅಂಟಿದ, ಏಕಬಂಧದ ಕಾರ್ಬನ್‌ಗಳು. ಕಾರ್ಬೊನೈಲ್ ಪಕ್ಕದ ಮೀಥೈಲ್ 20–30.
- 30–65: ನೈಟ್ರೋಜನ್‌ಗೆ ಅಂಟಿದವು.
- 50–90: ಆಕ್ಸಿಜನ್‌ಗೆ ಅಂಟಿದವು. ಮೀಥಾಕ್ಸಿ 50–60.
- 65–90: ಆಲ್ಕೈನ್.
- 100–160: ಆಲ್ಕೀನ್ ಮತ್ತು ಬೆಂಜೀನ್ ಉಂಗುರ. ನೈಟ್ರೈಲ್ ಕೂಡ ಇಲ್ಲೇ, 115–125ರಲ್ಲಿ, ಅಡಗಿ ಕೂರುತ್ತದೆ.
- 160–185: ಆಮ್ಲ, ಎಸ್ಟರ್, ಅಮೈಡ್.
- 190–220: ಆಲ್ಡಿಹೈಡ್ ಮತ್ತು ಕೀಟೋನ್.

ಇವುಗಳ ಹಿಂದಿನ ಕಾರಣ ತಿಳಿದರೆ ನೆನಪಿನ ಹೊರೆ ಇಳಿಯುತ್ತದೆ. ಕಾರ್ಬನ್ನಿನ ಸುತ್ತ ಎಲೆಕ್ಟ್ರಾನ್ ಕಡಿಮೆಯಾದಷ್ಟೂ ಸಿಗ್ನಲ್ ಎಡಕ್ಕೆ, ಅಂದರೆ ದೊಡ್ಡ ಸಂಖ್ಯೆಯ ಕಡೆಗೆ ಸರಿಯುತ್ತದೆ. ಎಸ್ಟರಿನ ಎರಡನೆಯ ಆಕ್ಸಿಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಾರ್ಬೊನೈಲ್‌ಗೆ ಕೊಡುವುದರಿಂದ ಅದು ಕೀಟೋನಿಗಿಂತ ಕೆಳಗಿದೆ. ದ್ವಿಬಂಧದೊಂದಿಗಿನ ಸಂಯುಗ್ಮನವೂ ಇದನ್ನೇ ಮಾಡುತ್ತದೆ: ಸೈಕ್ಲೋಹೆಕ್ಸನೋನ್ 212ರ ಬಳಿ, ಸೈಕ್ಲೋಹೆಕ್ಸ್-2-ಇನೋನ್ 200ರ ಬಳಿ. ಟರ್ಷಿಯರಿ ಬ್ಯೂಟೈಲ್ ಕಾರ್ಬೋಕ್ಯಾಟಯಾನಿನ ಧನ ಕಾರ್ಬನ್ 335ರ ಬಳಿ ಬರುವುದೂ ಇದೇ ತರ್ಕದ ತುದಿ. ಇಂಥ ಕ್ಯಾಟಯಾನ್‌ಗಳನ್ನು ಸೂಪರ್ ಆಮ್ಲದಲ್ಲಿ ಹಿಡಿದಿಟ್ಟು ತೋರಿಸಿದ ಜಾರ್ಜ್ ಓಲಾ ಅವರಿಗೆ 1994ರ ನೊಬೆಲ್ ಬಂತು.

ಬೆಂಜೀನ್ ಉಂಗುರದಲ್ಲಿ ಅನಿಸೋಲ್ ಒಂದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರೆ ಹತ್ತು ಪ್ರಶ್ನೆ ಬಿಡಿಸಿದಂತೆ. ಬೆಂಜೀನ್‌ನ ಮೂಲ ಮೌಲ್ಯ 128.5. ಅನಿಸೋಲ್‌ನಲ್ಲಿ ಆಕ್ಸಿಜನ್ ಅಂಟಿದ ಇಪ್ಸೋ ಕಾರ್ಬನ್ 160ಕ್ಕೆ ಏರುತ್ತದೆ; ಮೀಥಾಕ್ಸಿ ಎಲೆಕ್ಟ್ರಾನ್ ಕೊಡುವ ಆರ್ಥೋ 114ಕ್ಕೂ ಪ್ಯಾರಾ 121ಕ್ಕೂ ಇಳಿಯುತ್ತವೆ; ಮೆಟಾ 129.5ರಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಎಲೆಕ್ಟ್ರೋಫಿಲಿಕ್ ದಾಳಿ ಆರ್ಥೋ, ಪ್ಯಾರಾದಲ್ಲಿ ಏಕೆ ಎಂದು ಮೊದಲ ವರ್ಷ ಬರೆದ ಅನುರಣನ ರಚನೆಗಳೇ ಇಲ್ಲಿ ಸಂಖ್ಯೆಗಳಾಗಿ ಕಾಣುತ್ತವೆ. ಆದ್ದರಿಂದ 114ರ ಸುತ್ತ ಸಿಎಚ್, 160ರ ಸುತ್ತ ಬೋಳು ಕಾರ್ಬನ್ ಜೊತೆಯಾಗಿ ಕಂಡರೆ ಉಂಗುರಕ್ಕೆ ಆಕ್ಸಿಜನ್ ಅಂಟಿದೆ ಎಂದು ಬರೆಯಲು ಅಂಜಬೇಕಿಲ್ಲ.

ನಿಯಮ ಮುರಿಯುವವು ಎರಡನ್ನು ನೆನಪಿಡಿ. ಅಯೋಡಿನ್ ಎಲೆಕ್ಟ್ರಾನ್ ಸೆಳೆಯುವ ಪರಮಾಣುವಾದರೂ ಕಾರ್ಬನ್ನನ್ನು ಬಲಕ್ಕೆ ತಳ್ಳುತ್ತದೆ, ಭಾರ ಪರಮಾಣು ಪರಿಣಾಮ ಎನ್ನುವುದು ಇದನ್ನೇ: ಮೀಥೈಲ್ ಕ್ಲೋರೈಡ್ 25ರ ಬಳಿ, ಬ್ರೋಮೈಡ್ 10ರ ಬಳಿ, ಅಯೋಡೈಡ್ ಸೊನ್ನೆಗಿಂತಲೂ ಕೆಳಗೆ −21ರ ಬಳಿ. ಇನ್ನೊಂದು ಅಲೀನ್, ಅದರ ನಡುವಿನ ಕಾರ್ಬನ್ 200ನ್ನು ದಾಟುತ್ತದೆ. ಸೂತ್ರದಲ್ಲಿ ಆಕ್ಸಿಜನ್ ಇಲ್ಲದೆಯೂ 210 ಕಂಡರೆ ಮುದ್ರಣ ದೋಷ ಎಂದುಕೊಳ್ಳಬೇಡಿ.

ಹಂತ 6: ಆರು ಸಮಾಂಗಿಗಳು

ಈಗ ಆರು ರೋಹಿತಗಳು. ಎಲ್ಲದರ ಸೂತ್ರ ಸಿ₉ಎಚ್₁₀ಓ₂, ಡಿಬಿಇ 5, ಒಂಬತ್ತು ಕಾರ್ಬನ್‌ಗೆ ಏಳು ಸಿಗ್ನಲ್. ಎರಡು ಸಿಗ್ನಲ್ ಕಡಿಮೆ ಎಂದರೆ ಉಂಗುರದಲ್ಲಿ ಎರಡು ಜೋಡಿ ಸಮಾನ ಕಾರ್ಬನ್‌ಗಳಿವೆ: ಒಂದೇ ಗುಂಪಿನ ಫೀನೈಲ್, ಅಥವಾ ಪ್ಯಾರಾದಲ್ಲಿ ಎರಡು ಬೇರೆ ಗುಂಪು.

ಅ: 166.6, 132.8, 130.5, 129.5, 128.3, 60.9, 14.3
ಆ: 170.9, 136.0, 128.6, 128.3, 128.2, 66.3, 21.1
ಇ: 173, 151, 129.4, 125.7, 121.6, 27.8, 9.1
ಈ: 172, 134, 129.3, 128.6, 127.1, 52.0, 41.2
ಉ: 196.8, 163.5, 130.6, 130.3, 113.7, 55.5, 26.3
ಊ: 179, 140.2, 128.6, 128.3, 126.4, 35.6, 30.6

ಎಡತುದಿಯಿಂದ ಓದಲು ಹೊರಟರೆ ಉ ಒಂದು ಕೀಟೋನ್, ಉಳಿದ ಐದು ಆಮ್ಲ ಅಥವಾ ಎಸ್ಟರ್ ಎಂಬಲ್ಲಿಗೆ ದಾರಿ ಮುಗಿಯುತ್ತದೆ. ನನ್ನ ಸಲಹೆ, ಎಡಗಡೆ ಒಮ್ಮೆ ನೋಡಿ ಕಾರ್ಬೊನೈಲ್ ಬಗೆ ಗುರುತು ಹಾಕಿಕೊಂಡು, ಮೊದಲ ನಿಜವಾದ ಓದನ್ನು ಬಲತುದಿಯಿಂದ ಶುರು ಮಾಡಿ. ಕಾರ್ಬೊನೈಲ್ ಅಣುವಿನಲ್ಲಿ ಏನಿದೆ ಎಂದಷ್ಟೇ ಹೇಳುತ್ತದೆ. ಯಾವುದಕ್ಕೆ ಯಾವುದು ಅಂಟಿದೆ ಎಂಬುದನ್ನು ಹೇಳುವುದು ಬಲಗಡೆಯ ಸಣ್ಣ ಸಂಖ್ಯೆಗಳು.

ಡೆಪ್ಟ್‌ನಿಂದ ಇಬ್ಬರು ಮೊದಲೇ ಹೊರಬೀಳುತ್ತಾರೆ. ಊ ರೋಹಿತದಲ್ಲಿ 35.6 ಮತ್ತು 30.6 ಎರಡೂ ಕೆಳಕ್ಕೆ: ಎರಡು ಸಿಎಚ್₂, ಸಿಎಚ್₃ ಇಲ್ಲವೇ ಇಲ್ಲ. ಉಂಗುರದಲ್ಲಿ ಮೂರು ಬಗೆಯ ಸಿಎಚ್, ಅಂದರೆ ಐದು ಹೈಡ್ರೋಜನ್, ಸಿಎಚ್₂ಗಳದ್ದು ನಾಲ್ಕು, ಒಟ್ಟು ಒಂಬತ್ತು. ಹತ್ತನೆಯದು ಆಕ್ಸಿಜನ್ ಮೇಲಿದೆ, 179 ಆಮ್ಲದ ವಲಯ. ಇದು 3-ಫೀನೈಲ್ ಪ್ರೊಪನೋಯಿಕ್ ಆಮ್ಲ. ಉ ರೋಹಿತದಲ್ಲಿ ಕೆಳಕ್ಕೆ ಯಾವುದೂ ಇಲ್ಲ, ಎರಡು ಸಿಎಚ್₃ ಇವೆ, ಉಂಗುರದಲ್ಲಿ ಎರಡು ಬೋಳು ಕಾರ್ಬನ್ ಮತ್ತು ಎರಡು ಸಿಎಚ್. ಪ್ಯಾರಾ ರಚನೆ. 55.5 ಮೀಥಾಕ್ಸಿ, 26.3 ಕಾರ್ಬೊನೈಲ್ ಪಕ್ಕದ ಮೀಥೈಲ್, 163.5 ಮತ್ತು 113.7 ಅನಿಸೋಲ್‌ನ ಪರಿಚಿತ ಜೋಡಿ. 4-ಮೀಥಾಕ್ಸಿ ಅಸಿಟೋಫಿನೋನ್.

ಉಳಿದ ನಾಲ್ಕರ ಡೆಪ್ಟ್ ಒಂದೇ: ಎರಡು ಬೋಳು ಕಾರ್ಬನ್, ಮೂರು ಸಿಎಚ್, ಒಂದು ಸಿಎಚ್₂, ಒಂದು ಸಿಎಚ್₃. ಹೈಡ್ರೋಜನ್ ಹತ್ತೂ ಸಿಕ್ಕಿವೆ, ಓಎಚ್ ಇಲ್ಲ. ನಾಲ್ಕೂ ಫೀನೈಲ್ ಇರುವ ಎಸ್ಟರ್‌ಗಳು. ಇಲ್ಲಿ ಸಿಎಚ್₂ ಮತ್ತು ಸಿಎಚ್₃ ಜೋಡಿಯನ್ನು ಒಟ್ಟಿಗೆ ಓದಬೇಕು.

ಅ: ಸಿಎಚ್₂ 60.9, ಸಿಎಚ್₃ 14.3. ಸಿಎಚ್₂ ಆಕ್ಸಿಜನ್ ಮೇಲಿದೆ. 14 ಎನ್ನುವುದು ಕಾರ್ಬೊನೈಲ್ ಪಕ್ಕದ ಮೀಥೈಲ್‌ಗೆ ತೀರಾ ಕಡಿಮೆ. ಅದು ಸಿಎಚ್₂ನ ಬಾಲದಲ್ಲಿದೆ. ಈಥಾಕ್ಸಿ ಗುಂಪು. ಹಾಗಾದರೆ ಕಾರ್ಬೊನೈಲ್ ನೇರ ಉಂಗುರಕ್ಕೆ ಅಂಟಬೇಕು, ಸಂಯುಗ್ಮನದಿಂದ 166.6ಕ್ಕೆ ಇಳಿದಿರುವುದೂ ಅದಕ್ಕೆ ಸಾಕ್ಷಿ. ಈಥೈಲ್ ಬೆಂಜೋಯೇಟ್.

ಆ: ಸಿಎಚ್₂ 66.3, ಸಿಎಚ್₃ 21.1. ಸಿಎಚ್₂ ಆಕ್ಸಿಜನ್ ಮೇಲೆ, ಮೀಥೈಲ್ ಕಾರ್ಬೊನೈಲ್ ಪಕ್ಕದಲ್ಲಿ. ಬೆಂಜೈಲ್ ಅಸಿಟೇಟ್. ಇದನ್ನೂ ಅ ಸಂಯುಕ್ತವನ್ನೂ ಅದಲುಬದಲು ಮಾಡುವುದು ಉತ್ತರ ಪತ್ರಿಕೆಗಳಲ್ಲಿ ಸರ್ವೇಸಾಮಾನ್ಯ; 14 ಮತ್ತು 21ರ ಅಂತರ ಇದನ್ನು ತಪ್ಪಿಸುತ್ತದೆ.

ಇ: ಸಿಎಚ್₂ 27.8, ಸಿಎಚ್₃ 9.1. ಎರಡರಲ್ಲಿ ಯಾವುದೂ ಆಕ್ಸಿಜನ್ ಮೇಲಿಲ್ಲ. ಹಾಗಾದರೆ ಎಸ್ಟರಿನ ಆಕ್ಸಿಜನ್ ಎಲ್ಲಿ ಅಂಟಿದೆ? ಉಂಗುರಕ್ಕೆ. 151ರ ಬೋಳು ಕಾರ್ಬನ್, 121.6ರ ಆರ್ಥೋ ಸಿಎಚ್ ಇದನ್ನೇ ಹೇಳುತ್ತವೆ. ಅನಿಸೋಲ್‌ನಷ್ಟು, ಅಂದರೆ 114ಕ್ಕೆ, ಇಳಿಯಲಿಲ್ಲವೇಕೆ? ಈ ಆಕ್ಸಿಜನ್ನಿನ ಎಲೆಕ್ಟ್ರಾನ್ ಜೋಡಿಗೆ ಕಾರ್ಬೊನೈಲ್ ಕೂಡ ಕೈಚಾಚಿದೆ. ಫೀನೈಲ್ ಪ್ರೊಪನೊಯೇಟ್.

ಈ: ಸಿಎಚ್₃ 52.0, ಸಿಎಚ್₂ 41.2. ಡೆಪ್ಟ್ ಇಲ್ಲದಿದ್ದರೆ ಇವೆರಡನ್ನು ತಿರುವುಮುರುವಾಗಿ ಓದುವ ಅಪಾಯ ಇದೆ. 52 ಮೇಲಕ್ಕೆ, ಆದ್ದರಿಂದ ಮೀಥಾಕ್ಸಿ. 41 ಕೆಳಕ್ಕೆ, ಉಂಗುರ ಮತ್ತು ಕಾರ್ಬೊನೈಲ್ ನಡುವೆ ಸಿಕ್ಕಿಕೊಂಡ ಸಿಎಚ್₂. ಮೀಥೈಲ್ ಫೀನೈಲ್ ಅಸಿಟೇಟ್.

ಉತ್ತರ ಬರೆದ ಮೇಲೆ ಹತ್ತಿರದ ಒಬ್ಬ ಪ್ರತಿಸ್ಪರ್ಧಿಯನ್ನು ಆರಿಸಿ, ಅದು ಏಕೆ ಅಲ್ಲ ಎಂದು ಒಂದು ವಾಕ್ಯ ಸೇರಿಸಿ. ‘ಬೆಂಜೈಲ್ ಅಸಿಟೇಟ್ ಆಗಿದ್ದರೆ ಮೀಥೈಲ್ 21ರಲ್ಲಿ ಇರಬೇಕಿತ್ತು, ಇಲ್ಲಿ 14 ಇದೆ’ ಎಂಬಂಥದ್ದು. ವಿವರಣಾತ್ಮಕ ಪತ್ರಿಕೆಯಲ್ಲಿ ನೀವು ಊಹಿಸಿಲ್ಲ, ಬಿಡಿಸಿದ್ದೀರಿ ಎಂದು ಮೌಲ್ಯಮಾಪಕರಿಗೆ ತೋರಿಸುವ ವಾಕ್ಯ ಅದು.

ಹಂತ 7: ಮೇಲ್ಮಟ್ಟದ ಪರೀಕ್ಷೆಗಳ ಮೂರು ವಿಷಯ

ಒಂದು, ಸೀಳಿನ ಸ್ಥಿರಾಂಕ. ಕಾರ್ಬನ್ ಮತ್ತು ಅದರದೇ ಹೈಡ್ರೋಜನ್ ನಡುವಿನ ಸೀಳು ಆ ಬಂಧದಲ್ಲಿರುವ ಎಸ್ ಆರ್ಬಿಟಲ್‌ನ ಪಾಲನ್ನು ಅನುಸರಿಸುತ್ತದೆ. ಪಾಲನ್ನು 500ರಿಂದ ಗುಣಿಸಿದರೆ ಸುಮಾರು ಮೌಲ್ಯ ಸಿಗುತ್ತದೆ. ಏಕಬಂಧದ ಕಾರ್ಬನ್‌ಗೆ ಕಾಲು ಭಾಗ, 125 ಹರ್ಟ್ಸ್. ದ್ವಿಬಂಧದ್ದಕ್ಕೆ ಮೂರನೇ ಒಂದು, ಸುಮಾರು 160. ಆಲ್ಕೈನ್‌ಗೆ ಅರ್ಧ, 250. ಕ್ಲೋರೋಫಾರ್ಮ್ 209 ಹರ್ಟ್ಸ್ ತೋರಿಸುವುದರಿಂದ, ಎಲೆಕ್ಟ್ರಾನ್ ಸೆಳೆಯುವ ಗುಂಪುಗಳೂ ಇದನ್ನು ಏರಿಸುತ್ತವೆ ಎಂಬುದನ್ನು ಮರೆಯಬಾರದು.

ಎರಡು, ಫ್ಲೋರಿನ್ ಮತ್ತು ಫಾಸ್ಫರಸ್. ಪ್ರೋಟಾನ್ ಡಿಕಪ್ಲಿಂಗ್ ಇವುಗಳ ಸೀಳನ್ನು ಮುಟ್ಟುವುದಿಲ್ಲ. ಫ್ಲೋರೋಬೆಂಜೀನ್‌ನಲ್ಲಿ ನಾಲ್ಕು ಬಗೆಯ ಕಾರ್ಬನ್, ಆದರೆ ನಾಲ್ಕೂ ಡಬ್ಲೆಟ್: ಇಪ್ಸೋದಲ್ಲಿ ಸುಮಾರು 245 ಹರ್ಟ್ಸ್, ಆರ್ಥೋದಲ್ಲಿ 21, ಮೆಟಾದಲ್ಲಿ 8, ಪ್ಯಾರಾದಲ್ಲಿ 3. ‘ಎಷ್ಟು ಗೆರೆ’ ಎಂದು ಕೇಳಿದ್ದಾರೋ ‘ಎಷ್ಟು ಬಗೆಯ ಕಾರ್ಬನ್’ ಎಂದು ಕೇಳಿದ್ದಾರೋ ಎಂದು ಎರಡು ಸಲ ಓದಿ. ಸೂತ್ರದಲ್ಲಿ ಫ್ಲೋರಿನ್ ಕಂಡರೆ ಎಣಿಕೆ ನಿಲ್ಲಿಸಿ ಯೋಚಿಸುವುದು ಒಳ್ಳೆಯದು.

ಮೂರು, ಗಾಮಾ ಪರಿಣಾಮ. ಒತ್ತೊತ್ತಾಗಿ ಸಿಕ್ಕಿಕೊಂಡ ಕಾರ್ಬನ್‌ಗಳು ಬಲಕ್ಕೆ ಸರಿಯುತ್ತವೆ. ಸಿಸ್-2-ಬ್ಯೂಟೀನ್‌ನ ಮೀಥೈಲ್ 12ರ ಬಳಿ, ಟ್ರಾನ್ಸ್‌ನದ್ದು 17ರ ಬಳಿ. ಸೈಕ್ಲೋಹೆಕ್ಸೇನ್‌ನ ಅಕ್ಷೀಯ ಮೀಥೈಲ್ ಸಮಭಾಜಕಕ್ಕಿಂತ ಬಲಕ್ಕಿರುವುದಕ್ಕೂ ಇದೇ ಕಾರಣ.

ಅಭ್ಯಾಸ

ಜಪಾನಿನ ಎಐಎಸ್‌ಟಿ ಸಂಸ್ಥೆಯ ಎಸ್‌ಡಿಬಿಎಸ್ ಎಂಬ ಉಚಿತ ಸಂಗ್ರಹದಲ್ಲಿ ಸಾವಿರಾರು ನಿಜ ರೋಹಿತಗಳಿವೆ. ಅಲ್ಲಿ ಹೆಸರಿನಿಂದ ಹುಡುಕಬೇಡಿ, ಅಣುಸೂತ್ರದಿಂದ ಹುಡುಕಿ. ಮೊದಲು ಆ ಸೂತ್ರದ ಸಮಾಂಗಿಗಳನ್ನು ನೀವೇ ಬರೆದು, ಪ್ರತಿಯೊಂದಕ್ಕೂ ಸಿಗ್ನಲ್ ಸಂಖ್ಯೆ ಊಹಿಸಿ, ಆಮೇಲೆ ರೋಹಿತ ತೆರೆಯಿರಿ. ಬಿಡಿ ಬಿಡಿಯಾಗಿ ಇಪ್ಪತ್ತು ಸಂಯುಕ್ತ ನೋಡುವುದಕ್ಕಿಂತ ಒಂದೇ ಸೂತ್ರದ ಐದು ಸಮಾಂಗಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಹೆಚ್ಚು ಕಲಿಸುತ್ತದೆ.

ಈಗಲೇ ಮಾಡಲು ಒಂದು: ಸಿ₅ಎಚ್₁₀ಓ, ಡಿಬಿಇ 1, ನಾಲ್ಕು ಸಂಯುಕ್ತಗಳು, ಪ್ರತಿಯೊಂದಕ್ಕೂ ಮೂರೇ ಸಿಗ್ನಲ್. ಮೊದಲನೆಯದು 212, 35, 8. ಎರಡನೆಯದು 206, 42, 23. ಮೂರನೆಯದು 74, 35.5, 23. ನಾಲ್ಕನೆಯದು 69, 27, 24. ಡೆಪ್ಟ್-135ರಲ್ಲಿ ಮೊದಲನೆಯದರ 212 ನಾಪತ್ತೆ, 35 ಕೆಳಕ್ಕೆ, 8 ಮೇಲಕ್ಕೆ. ಎರಡನೆಯದರ 206 ಮೇಲಕ್ಕೆ, 42 ನಾಪತ್ತೆ, 23 ಮೇಲಕ್ಕೆ. ಮೂರನೆಯದರ 74 ಮೇಲಕ್ಕೆ, ಉಳಿದೆರಡು ಕೆಳಕ್ಕೆ. ನಾಲ್ಕನೆಯದರಲ್ಲಿ ಮೂರೂ ಕೆಳಕ್ಕೆ. ಮುಂದೆ ಓದುವ ಮೊದಲು ಬಿಡಿಸಿ.

ಮೊದಲನೆಯದು ಪೆಂಟನ್-3-ಓನ್: ಕಾರ್ಬೊನೈಲ್ ಬೋಳಾಗಿದೆ, ಎರಡೂ ಕಡೆ ಒಂದೇ ಈಥೈಲ್. ಎರಡನೆಯದರಲ್ಲಿ ಕಾರ್ಬೊನೈಲ್ ಮೇಲೆಯೇ ಹೈಡ್ರೋಜನ್ ಇದೆ, ಆದ್ದರಿಂದ ಆಲ್ಡಿಹೈಡ್. 42ರ ಬೋಳು ಕಾರ್ಬನ್ನಿಗೆ ಮೂರು ಮೀಥೈಲ್, ಅಂದರೆ 2,2-ಡೈಮೀಥೈಲ್ ಪ್ರೊಪನ್ಯಾಲ್. ಕೊನೆಯ ಎರಡರಲ್ಲಿ ಕಾರ್ಬೊನೈಲೂ ಇಲ್ಲ, ಆಲ್ಕೀನೂ ಇಲ್ಲ. ಡಿಬಿಇಯ ಆ ಒಂದು ಉಂಗುರಕ್ಕೆ ಹೋಗಬೇಕು. ನಾಲ್ಕನೆಯದರಲ್ಲಿ ಐದು ಸಿಎಚ್₂ ಸೇರಿ ಹತ್ತು ಹೈಡ್ರೋಜನ್ ಪೂರ್ಣ, ಆಕ್ಸಿಜನ್ ಉಂಗುರದೊಳಗಿದೆ: ಟೆಟ್ರಾಹೈಡ್ರೋಪೈರಾನ್. ಮೂರನೆಯದರಲ್ಲಿ ಒಂದು ಸಿಎಚ್, ನಾಲ್ಕು ಸಿಎಚ್₂, ಒಟ್ಟು ಒಂಬತ್ತು ಹೈಡ್ರೋಜನ್. ಸಿಗದ ಹತ್ತನೆಯದು ಓಎಚ್‌ನಲ್ಲಿದೆ, ಅದು ಸೈಕ್ಲೋಪೆಂಟನಾಲ್.